ಪಶ್ಚಿಮಕ್ಕೆ ಬಾಗಿಲಿಟ್ಟ ಕಾಲೊನಿ

ನನ್ನ ಅಪ್ಪ ವಸತಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ದೊಡ್ಡ ಎಂಜಿನಿಯರ್ ಅಲ್ಲ. ದೊಡ್ಡವರು ಬೆಂಗಳೂರಿನಲ್ಲಿ ಕೂತು ಕಾಗದದ ಮೇಲೆ ಎಳೆದ ಗೆರೆಯನ್ನು ಚಿಂತಾಮಣಿಯ ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಮತ್ತೊಮ್ಮೆ ಎಳೆಯುವ ಎಂಜಿನಿಯರ್. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಊರಿನ ಹೊರಗೆ, ಬಂಡೆಗುಡ್ಡದ ಬುಡದಲ್ಲಿದ್ದ ಹುಣಸೆ ತೋಪನ್ನು ಕಡಿಸಿ ಅವರು ಒಂದು ಕಾಲೊನಿ ಕಟ್ಟಿಸಿದರು. ಆಮೇಲೆ ಅದರಲ್ಲೇ ಒಂದು ಮನೆಯನ್ನು ಕಂತಿನ ಮೇಲೆ ತಮಗೂ ಮಂಜೂರು ಮಾಡಿಸಿಕೊಂಡು ಅಮ್ಮನನ್ನೂ ನನ್ನನ್ನೂ ತಂದು ಅಲ್ಲಿ ಇಳಿಸಿದರು. ತಾನು ಮಾಡಿದ ಅಡುಗೆಯನ್ನು ತಾನೇ ಉಣ್ಣುವ ಅಡುಗೆಯವನು ಅಪರೂಪ. ಅಪ್ಪ ಉಂಡರು. ಉಂಡದ್ದಲ್ಲದೆ, ರುಚಿಯಾಗಿದೆ ಎಂದು ನಮ್ಮ ಬಾಯಿಂದಲೂ ಹೇಳಿಸಲು ಹೊರಟರು.

ಕಾಲೊನಿಯ ಮನೆಗಳೆಲ್ಲ ಪಶ್ಚಿಮಕ್ಕೆ ಮುಖ ಮಾಡಿದ್ದವು. ಅದಕ್ಕೆ ಕಾರಣ ವಾಸ್ತುವಲ್ಲ, ಗಾಳಿಯಲ್ಲ, ಬೆಳಕೂ ಅಲ್ಲ. ದೊಡ್ಡ ರಸ್ತೆ ಆ ಕಡೆಗಿತ್ತು. ಉದ್ಘಾಟನೆಗೆ ಬರುವ ಮಂತ್ರಿಗಳು ಕಾರಿನಿಂದ ನೋಡಿದರೆ ಬಾಗಿಲುಗಳೆಲ್ಲ ಸಾಲಾಗಿ, ಒಂದೇ ಬಣ್ಣದಲ್ಲಿ ಕಾಣಬೇಕಿತ್ತು. ಮಂತ್ರಿಗಳು ಬಂದಾಗ ಮುಸ್ಸಂಜೆ ಕಳೆದಿತ್ತು, ಅವರಿಗೆ ಏನು ಕಂಡಿತೋ ದೇವರಿಗೇ ಗೊತ್ತು. ಅವರು ಟೇಪು ಕತ್ತರಿಸಿ ಹೋದರು. ಬಾಗಿಲುಗಳು ಹಾಗೇ ಉಳಿದವು. ಮಧ್ಯಾಹ್ನ ಮೂರರ ಹೊತ್ತಿಗೆ ಹೊಸ್ತಿಲು ದಾಟಿದ ಬಿಸಿಲು ಹಾಲಿನ ಹಿಂದಿನ ಗೋಡೆ ಮುಟ್ಟಿ, ಸೂರ್ಯ ಮುಳುಗುವ ತನಕ ಕರೆಯದೆ ಬಂದ ನೆಂಟನ ಹಾಗೆ ಅಲ್ಲೇ ಕೂತಿರುತ್ತಿತ್ತು. ಕಿಟಕಿಗಳ ಮೇಲೆ ಸಜ್ಜಾ ಎಂದು ಹೇಳಿಕೊಳ್ಳುವ ಒಂದು ಗೇಣಿನ ಸಿಮೆಂಟ್ ಹಲಗೆ ಇತ್ತು. ಅದರ ನೆರಳಿನಲ್ಲಿ ಒಂದು ಗುಬ್ಬಿ ಕೂರಬಹುದಿತ್ತು, ಎರಡು ಕೂತರೆ ಒಂದು ಬಿಸಿಲಿಗೆ. ತಾರಸಿಯ ಮೇಲೆ ಇಟ್ಟಿಗೆಚೂರು, ಸುಣ್ಣ ಹಾಕಿ ದಪ್ಪಗೆ ಗಾರೆ ಬಡಿಯುವ ಹಳೆಯ ಪದ್ಧತಿಯಿತ್ತು. ಅದನ್ನು ಎಸ್ಟಿಮೇಟಿನಿಂದ ತೆಗೆದುಹಾಕಿದ್ದರು. ನಮ್ಮ ತಲೆಗೂ ಸೂರ್ಯನಿಗೂ ನಡುವೆ ಬರೀ ಕಾಂಕ್ರೀಟು, ಅದೂ ತೆಳುವಾಗಿ.

ಈ ಮನೆಗಳಿಗೆ ಬಂದು ಸೇರಿದ ಜನರ ಬಗ್ಗೆಯೂ ಹೇಳಬೇಕು. ಶಾಲೆಯ ಮೇಷ್ಟರುಗಳು, ಬ್ಯಾಂಕಿನವರು, ತಾಲ್ಲೂಕು ಕಚೇರಿಯ ಗುಮಾಸ್ತರು. ಎಲ್ಲರೂ ಹಳೇ ಪೇಟೆಯ ಕಲ್ಲುಚಪ್ಪಡಿಯ ಮನೆಗಳನ್ನೋ ಹೆಂಚಿನ ಮನೆಗಳನ್ನೋ ಬಿಟ್ಟು ಬಂದವರು. ಅಲ್ಲಿ ಏಪ್ರಿಲ್ ಮಧ್ಯಾಹ್ನಗಳಲ್ಲಿ ಚಾಪೆ ಹಾಸಿ ಸುಖವಾಗಿ ಮಲಗಿ ಎದ್ದವರು. ಇಲ್ಲಿಗೆ ಬಂದ ಮೇಲೆ ಅವರ ಮಾತೇ ಬದಲಾಯಿತು. ನಮ್ಮದು ಆರ್‌ಸಿಸಿ ಮನೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ಹುಡುಗನ ಓದು, ಸಂಬಳಕ್ಕಿಂತ ಮುಂಚೆ ಅದು ಬರುತ್ತಿತ್ತು. ಹೀಗೆ ಹೇಳಿ ಬಂದವರೇ ಮಧ್ಯಾಹ್ನ ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು, ಬಚ್ಚಲುಮನೆಯೇ ತಂಪೆಂದು ಅಲ್ಲಿ ಮಣೆ ಹಾಕಿಕೊಂಡು ಕೂತು ಪೇಪರ್ ಓದುತ್ತಿದ್ದರು. ಯಾರಾದರೂ ಬಂದು ಬಾಗಿಲು ತಟ್ಟಿದರೆ ಟವೆಲ್ ತೆಗೆದು, ತಲೆ ಬಾಚಿಕೊಂಡು, ಆಮೇಲೆ ಬಾಗಿಲು ತೆರೆಯುತ್ತಿದ್ದರು.

ಅಮ್ಮ ನಗರಗೆರೆಯ ಕಡೆಯವಳು. ಅವಳ ತವರು ಕಲ್ಲುಕಂಬ, ಮರದ ತೊಲೆ, ಅದರ ಮೇಲೆ ಮಣ್ಣು ತುಂಬಿದ ಮಿದ್ದೆ ಮನೆ. ಅಪ್ಪನಿಗೆ ಆ ಮನೆಯ ಬಗ್ಗೆ ಬಹಳ ತಾತ್ಸಾರ. ಮಳೆಗಾಲದಲ್ಲಿ ಸೋರುತ್ತದೆ, ಚೇಳು ಬೀಳುತ್ತದೆ, ಕತ್ತಲೆ ಎನ್ನುತ್ತಿದ್ದರು. ಅದೆಲ್ಲ ನಿಜವೇ. ಆದರೆ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಅಪ್ಪ ಊಟ ಮಾಡಿ ಮಲಗಿದರೆ ಸಂಜೆ ಯಾರಾದರೂ ಅಲ್ಲಾಡಿಸಿ ಎಬ್ಬಿಸಬೇಕಿತ್ತು. ಅದನ್ನು ಅವರು ಹೇಳುತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಮನೆ ತನ್ನ ಗುಣ ತೋರಿಸಿತು. ಶಿವರಾತ್ರಿ ಕಳೆಯುತ್ತಿದ್ದಂತೆ ಹಿಂದಿನ ಬಂಡೆಗುಡ್ಡ ಕಾಯಲು ಶುರುವಾಗುತ್ತಿತ್ತು. ಎದುರಿನಿಂದ ಬಿಸಿಲು, ಹಿಂದಿನಿಂದ ಬಂಡೆಯ ಝಳ, ಮೇಲಿನಿಂದ ತಾರಸಿ. ಗಡಿಗೆಯಲ್ಲಿ ಕೂಡ ನೀರು ತಣ್ಣಗಿರುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ಮೇಲಿನ ತೊಟ್ಟಿಯಿಂದ ಕೈ ಸುಡುವ ನೀರು ಬರುತ್ತಿತ್ತು. ಎಸೆಸೆಲ್ಸಿ ಪರೀಕ್ಷೆಗೆ ಓದಲು ಕೂತರೆ ಮೊಳಕೈಯ ಬೆವರಿಗೆ ಪುಸ್ತಕದ ಹಾಳೆ ಅಂಟಿಕೊಂಡು, ಕೈ ಎತ್ತಿದರೆ ಅಕ್ಷರವೂ ಜೊತೆಗೆ ಬರುತ್ತಿತ್ತು. ಸಾಯಂಕಾಲ ಗೋಡೆಗೆ ಬೆನ್ನು ತಾಗಿದರೆ ರೊಟ್ಟಿಯ ಹೆಂಚಿಗೆ ತಾಗಿದ ಹಾಗೆ.

ಅಪ್ಪ ಇದಾವುದನ್ನೂ ಒಪ್ಪಲಿಲ್ಲ. ಚಿಂತಾಮಣಿ ಎಂದರೆ ಬಿಸಿಲು, ಅದಕ್ಕೆ ಮನೆ ಏನು ಮಾಡುತ್ತದೆ ಎನ್ನುವುದು ಅವರ ಮೊದಲ ವಾದ. ಕೂತರೆ ಸೆಕೆ, ಕೆಲಸ ಮಾಡುತ್ತಿದ್ದರೆ ಗೊತ್ತಾಗಲ್ಲ ಎನ್ನುವುದು ಎರಡನೆಯದು. ಎರಡೂ ಮುಗಿದ ಮೇಲೆ, ಇಷ್ಟೊಂದು ನಾಜೂಕಿನ ಜನರನ್ನು ನಾನು ನೋಡಿಯೇ ಇಲ್ಲ ಎಂದು ಎದ್ದು ಹೋಗುತ್ತಿದ್ದರು. ಹೋಗುವುದಾದರೂ ಎಲ್ಲಿಗೆ? ಅವರ ಕಚೇರಿಗೆ. ಅದು ಬ್ರಿಟಿಷರ ಕಾಲದ ಹೆಂಚಿನ ಕಟ್ಟಡ, ಸುತ್ತ ಜಗುಲಿ, ಅಂಗಳದಲ್ಲಿ ಮಳೆಮರ. ಭಾನುವಾರವೂ ಅವರಿಗೆ ಅಲ್ಲಿ ಕೆಲಸವಿರುತ್ತಿತ್ತು. ಮಾರ್ಚಿನಿಂದ ಜೂನಿನವರೆಗೆ ನನ್ನ ಅಪ್ಪನಷ್ಟು ಕರ್ತವ್ಯನಿಷ್ಠ ನೌಕರ ಇಡೀ ಕೋಲಾರ ಜಿಲ್ಲೆಯಲ್ಲಿ ಇರಲಿಲ್ಲ.

ಅಮ್ಮ ವಾದ ಮಾಡುವವಳಲ್ಲ. ನಮ್ಮ ಮನೆಯ ಹಿಂದೆ, ಕಾಂಪೌಂಡಿನಿಂದ ಒಂದು ಮಾರು ಆಚೆ, ಒಂದು ಹೊಂಗೆ ಮರ ಇತ್ತು. ತೋಪನ್ನು ಕಡಿಸುವಾಗ ಅದು ಅಳತೆಯ ಗೆರೆಯ ಹೊರಗೆ ಬಿದ್ದು ಬದುಕಿಕೊಂಡಿತ್ತು. ಇಡೀ ಕಾಲೊನಿಯಲ್ಲಿ ನೆರಳು ಎಂದು ಕರೆಯಬಹುದಾದದ್ದು ಅದೊಂದೇ, ಅದೂ ಕಾಲೊನಿಗೆ ಸೇರಿದ್ದಲ್ಲ. ಅಮ್ಮ ಒಂದು ದಿನ ಸೀಮೆಎಣ್ಣೆ ಸ್ಟೌವನ್ನೂ ಎರಡು ಪಾತ್ರೆಯನ್ನೂ ಎತ್ತಿಕೊಂಡು ಹೋಗಿ ಆ ಮರದ ಕೆಳಗೆ ಅಡುಗೆ ಶುರು ಮಾಡಿದಳು. ಅಪ್ಪನಿಗೆ ಅವಮಾನವಾಯಿತು. ಎಂಜಿನಿಯರ್ ಮನೆ ಹೆಂಗಸು ಲಂಬಾಣಿಗರ ಹಾಗೆ ಬಯಲಲ್ಲಿ ಒಲೆ ಹಚ್ಚುತ್ತಾಳೆ ಎಂದು ಜನ ಆಡಿಕೊಳ್ಳುತ್ತಾರೆ ಎಂದರು. ಅಮ್ಮ ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು, ಅಷ್ಟೇ. ಮಾರನೆಯ ದಿನವೂ ಮರದ ಕೆಳಗೇ ಹೋದಳು.

ಅಲ್ಲಿ ಅವಳಿಗೆ ಜೊತೆಯಾದವರು ಪಕ್ಕದ ಮನೆಯ ಆಂಟಿ. ಅವರ ಯಜಮಾನರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸರ್ಕಾರಿ ಕೆಲಸದಲ್ಲಿದ್ದರು, ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುವವರು. ಆಂಟಿಯ ಮನೆಮಾತು ಉರ್ದು, ಅಮ್ಮನ ತವರಿನಲ್ಲಿ ತೆಲುಗು. ಇಬ್ಬರೂ ಕನ್ನಡದಲ್ಲಿ ಶುರು ಮಾಡಿ, ಬಯ್ಯುವುದಕ್ಕೆ ತೆಲುಗಿಗೆ ಹೋಗಿ, ನಗುವಾಗ ಯಾವ ಭಾಷೆಯೂ ಬೇಡವಾಗಿ ಇಡೀ ಮಧ್ಯಾಹ್ನವನ್ನು ಕಳೆಯುತ್ತಿದ್ದರು. ಬಯ್ಯುವುದು ಹೆಚ್ಚಾಗಿ ಮನೆಗಳನ್ನು. ಅಪ್ಪನನ್ನು ಆಂಟಿ ನೇರವಾಗಿ ಏನೂ ಅನ್ನುತ್ತಿರಲಿಲ್ಲ. ಅಮ್ಮ ಎದುರಿಗಿದ್ದಳಲ್ಲ.

ಎರಡನೆಯದೋ ಮೂರನೆಯದೋ ಬೇಸಿಗೆಯಲ್ಲಿ ಕಾಲೊನಿಯ ಗಂಡಸರು ಬಹಳ ಧೈರ್ಯ ಮಾಡಿ ಇಲಾಖೆಗೆ ಒಂದು ಅರ್ಜಿ ಬರೆದರು. ಮನೆಗಳು ವಾಸಕ್ಕೆ ಯೋಗ್ಯವಾಗಿಲ್ಲ, ತಾರಸಿಗೆ ಗಾರೆ ಹಾಕಿಸಿಕೊಡಿ, ಸಜ್ಜಾ ಉದ್ದ ಮಾಡಿಸಿ, ಮರ ನೆಡಿಸಿ ಎಂದು. ಅರ್ಜಿ ಮೇ ತಿಂಗಳಲ್ಲಿ ಹೋಯಿತು. ಸಾಹೇಬರು ಪರಿಶೀಲನೆಗೆ ಬಂದದ್ದು ಡಿಸೆಂಬರಿನಲ್ಲಿ, ಬೆಳಗಿನ ಒಂಬತ್ತು ಗಂಟೆಗೆ, ಮೈಮೇಲೆ ಸ್ವೆಟರ್ ಹಾಕಿಕೊಂಡು. ಗುಡ್ಡದ ಮೇಲೆ ಇನ್ನೂ ಮಂಜಿತ್ತು. ಪರಿಶೀಲನೆಗೆಂದು ಅಪ್ಪ ಅವರನ್ನು ನಮ್ಮ ಮನೆಗೇ ಕರೆತಂದರು. ಸಾಹೇಬರು ನಮ್ಮ ಹಾಲಿನಲ್ಲಿ ಕೂತು, ಕಾಫಿಯ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೈ ಕಾಯಿಸಿಕೊಂಡರು.

"ಏನ್ರೀ, ಮನೆ ತಣ್ಣಗೇ ಇದೆಯಲ್ರೀ," ಎಂದರು.

ಬಾಗಿಲ ಬಳಿ ನಿಂತಿದ್ದ ಮೇಷ್ಟರುಗಳು, ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿದರು. ಬೇಸಿಗೆಯಲ್ಲಿ ಬನ್ನಿ ಸ್ವಾಮಿ ಎಂದು ಒಬ್ಬರಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬ್ಯಾಂಕಿನ ಮ್ಯಾನೇಜರರಂತೂ, ಅರ್ಜಿಗೆ ಮೊದಲ ಸಹಿ ಹಾಕಿದ್ದವರು, ಹೌದು ಸಾರ್, ಈಗ ಚಳಿನೇ ಜಾಸ್ತಿ ಎಂದರು. ಸಾಹೇಬರು ನಕ್ಕರು, ಅವರ ಜೊತೆ ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆ ನಗುವನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಮನುಷ್ಯರ ಬಗ್ಗೆ ಹೇಸಿಗೆ ಎನ್ನುವುದು ನನಗೆ ಮೊದಲು ಆದದ್ದು ಅವತ್ತೇ ಇರಬೇಕು. ಹೇಸಿಗೆ ಅಪ್ಪನೊಬ್ಬರ ಮೇಲಲ್ಲ, ಆ ಹಾಲಿನಲ್ಲಿ ಹಲ್ಲು ಬಿಟ್ಟು ನಿಂತಿದ್ದ ಇಡೀ ಗುಂಪಿನ ಮೇಲೆ.

ಅದಾದ ಮರುವರ್ಷ ಆಂಟಿಯ ಮಾವನವರು ಬಂದರು. ಗೌರಿಬಿದನೂರಿನ ಹತ್ತಿರದ ಅಲೀಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಈಗ ಅಂಗಡಿಯನ್ನು ದೊಡ್ಡ ಮಗನಿಗೆ ಬಿಟ್ಟಿದ್ದರು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಗಬೇಕಿತ್ತು. ಆಪರೇಷನ್ ಆದ ಮೇಲೆ ಧೂಳಿಗೆ, ಬಿಸಿಲಿನ ಬೆಳಕಿಗೆ ಹೋಗಬಾರದು, ಕೆಲವು ವಾರ ಮನೆಯೊಳಗೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ ಇಳಿಬಿಟ್ಟುಕೊಂಡು ಅವರು ಮುಂದಿನ ಹಾಲಿನಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿರುತ್ತಿದ್ದರು. ಹೊಂಗೆ ಮರದ ಕೆಳಗೆ ಬರುವ ಹಾಗಿರಲಿಲ್ಲ, ಅಲ್ಲಿ ಧೂಳು.

ನಾನು ಅವರನ್ನು ತಾತ ಎಂದೇ ಕರೆಯುತ್ತಿದ್ದೆ. ಸಂಜೆ ಹೋದರೆ ಪೇಪರ್ ಓದಿಸಿಕೊಳ್ಳುತ್ತಿದ್ದರು. ಮೊದಮೊದಲು ಬೆಲೆಗಳನ್ನೂ ತೀರಿಕೊಂಡವರ ಸುದ್ದಿಯನ್ನೂ ಕೇಳುತ್ತಿದ್ದವರು ಆಮೇಲೆ ಮಳೆಯ ಸುದ್ದಿಯನ್ನಷ್ಟೇ ಕೇಳತೊಡಗಿದರು. ಅಲೀಪುರದಲ್ಲಿ ಅವರ ಮನೆಗೆ ನಡುವೆ ಅಂಗಳವಿತ್ತಂತೆ, ಮೊಳದಗಲದ ಮಣ್ಣಿನ ಗೋಡೆಗಳಿದ್ದವಂತೆ. ಮಧ್ಯಾಹ್ನ ನಮಾಜ್ ಮುಗಿಸಿ ಅಲ್ಲೇ ನಡುಮನೆಯಲ್ಲಿ ನಿದ್ದೆ. ಅವರು ಹೀಗೆ ಹೇಳುವಾಗ ದೂರಿನ ದನಿಯೇ ಇರುತ್ತಿರಲಿಲ್ಲ. ಒಂದು ಸಲ ಮಾತ್ರ ಕೇಳಿದರು.

"ಈ ಮನೆಗಳನ್ನ ನಿಮ್ಮಪ್ಪ ಕಟ್ಟಿಸಿದ್ದಂತೆ, ಹೌದೇನಮ್ಮ?"

ಹೌದು ತಾತ ಎಂದೆ.

"ಒಳ್ಳೇದಾಯ್ತು ಬೇಟಾ. ನವಾಬರ ಊರುಗಳಲ್ಲಿ ಹಮಾಮು ಅಂತ ಇರ್ತಿತ್ತು. ಬಿಸಿ ಮಾಡಿ ಮಾಡಿ ಮೈ ಬೆವರಿಸೋ ಸ್ನಾನದ ಮನೆ. ನಮ್ಮಂಥ ಬಡವರಿಗೆ ಎಲ್ಲಿಂದ ಬರಬೇಕು? ನಿಮ್ಮಪ್ಪ ಸಾಲಾಗಿ ಕಟ್ಟಿಸಿಕೊಟ್ಟವ್ರೆ."

ಆಂಟಿ ಒಳಗಿನಿಂದ ಗದರಿದರು. ತಾತ ಸದ್ದಿಲ್ಲದೆ ನಕ್ಕರು. ನನಗೂ ನಗು ಬಂತು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ನಗಲಿಲ್ಲ. ಅವರನ್ನು ಊರಿಗೆ ಕಳಿಸಿಬಿಡಬಾರದಾ ಎಂದು ಆಂಟಿಯ ಹತ್ತಿರ ಕೇಳಿದಳು. ಆಸ್ಪತ್ರೆಗೆ ಇನ್ನೊಂದು ಸಲ ತೋರಿಸುವುದಿದೆ, ಅದೊಂದು ಮುಗಿಯಲಿ ಎಂದರು ಆಂಟಿ.

ಯುಗಾದಿ ಕಳೆದಿತ್ತು. ಆ ವರ್ಷ ಕೆರೆಯಲ್ಲಿ ನೀರು ನಿಂತಿರಲಿಲ್ಲ, ಕೊಳವೆಬಾವಿಯ ಮೋಟರು ಸುಟ್ಟಿತ್ತು, ಕಾಲೊನಿಗೆ ಟ್ಯಾಂಕರಿನಲ್ಲಿ ನೀರು. ಅವತ್ತು ಬೆಳಗಿನಿಂದ ಕರೆಂಟೂ ಇರಲಿಲ್ಲ. ಊಟದ ಹೊತ್ತಿಗೆ ಬರಬೇಕಿದ್ದ ಟ್ಯಾಂಕರು ಬರದೆ ಹೆಂಗಸರೆಲ್ಲ ಬಿಂದಿಗೆಗಳನ್ನು ಸಾಲಿಟ್ಟು ರಸ್ತೆಯ ಕೊನೆಯಲ್ಲಿ ಕಾಯುತ್ತಿದ್ದರು. ಅಮ್ಮನೂ ಆಂಟಿಯೂ ಅಲ್ಲೇ ಇದ್ದರು. ನಾನು ಅವರ ಜೊತೆ ಇದ್ದೆ. ಆಂಟಿಯ ಮಕ್ಕಳಿಬ್ಬರು ಮರದ ಕೆಳಗೆ ಆಡುತ್ತಿದ್ದರು. ತಾತನ ಪಕ್ಕ ನೀರಿನ ಚೊಂಬು ಇಟ್ಟು, ಧೂಳು ಬರದಿರಲಿ ಎಂದು ಬಾಗಿಲು, ಕಿಟಕಿ ಮುಚ್ಚಿ ಬಂದಿದ್ದೇನೆ ಎಂದು ಆಂಟಿ ಹೇಳಿದ್ದು ನೆನಪಿದೆ.

ಟ್ಯಾಂಕರು ಬಂದು ನೀರು ಹಿಡಿದು ನಾವು ತಿರುಗಿ ಬರುವಾಗ ಬಿಸಿಲು ಆ ಬಾಗಿಲಿನ ಮೇಲೆ ನೆಟ್ಟಗೆ ಬಿದ್ದಿತ್ತು. ಚಿಲಕ ಮುಟ್ಟಿದ ಆಂಟಿ ಕೈ ಹಿಂದೆಳೆದುಕೊಂಡು ಸೆರಗಿನಿಂದ ತೆಗೆದರು. ಒಳಗೆ ತಾತ ಕುರ್ಚಿಯಲ್ಲೇ ಇದ್ದರು. ಮುಖ ಕೆಂಪಗೆ, ಚರ್ಮದಲ್ಲಿ ಒಂದು ಹನಿ ಬೆವರಿಲ್ಲ. ಯಾರನ್ನೋ ಕರೆದು ಅಂಗಡಿ ಬಾಗಿಲು ತೆಗಿ ಎಂದು ಉರ್ದುವಿನಲ್ಲಿ ಹೇಳುತ್ತಿದ್ದರು ಎಂದು ಆಂಟಿ ಆಮೇಲೆ ಹೇಳಿದರು. ಚೊಂಬಿನಲ್ಲಿದ್ದ ನೀರು ಹಾಗೇ ಇತ್ತು. ಅಮ್ಮ ಹಣೆ ಮುಟ್ಟಿ ನೋಡಿದವಳೇ, ಆಗ ತಾನೇ ಹಿಡಿದು ತಂದಿದ್ದ ಬಿಂದಿಗೆಯನ್ನು ಅವರ ಮೇಲೆ ಸುರಿದಳು. ಮೂವರೂ ಕುರ್ಚಿಯ ಸಮೇತ ಅವರನ್ನು ಎತ್ತಿ ಹಿತ್ತಲಿಗೆ, ಅಲ್ಲಿಂದ ಮರದ ಕೆಳಗೆ ತಂದೆವು. ಉಳಿದ ಬಿಂದಿಗೆಗಳನ್ನೂ ಸುರಿದೆವು. ಮೇಷ್ಟರೊಬ್ಬರು ಓಡಿಹೋಗಿ ಆಟೋ ತಂದರು. ಆಸ್ಪತ್ರೆಯಲ್ಲಿ ಮಂಜುಗಡ್ಡೆಗಾಗಿ ಹುಡುಕಿದರಂತೆ, ಸೋಡಾ ಅಂಗಡಿಯಿಂದ ತರಿಸಿದರಂತೆ. ಸಂಜೆಯೊಳಗೆ ತಾತ ಹೋಗಿಬಿಟ್ಟರು. ಝಳ ಬಡಿದಿದೆ ಎಂದರು ಡಾಕ್ಟರು. ಹೊರಗೆ ಗದ್ದೆ ಕೆಲಸದಲ್ಲಿದ್ದರಾ ಎಂದು ಕೇಳಿದರಂತೆ. ಇಲ್ಲ, ಮನೆಯೊಳಗೇ ಕೂತಿದ್ದರು ಎಂದರೆ ನಂಬಲಿಲ್ಲವಂತೆ.

ಮಣ್ಣು ಅಲೀಪುರದಲ್ಲೇ ಆಗಬೇಕಿತ್ತು. ಮಗ ಶಿಡ್ಲಘಟ್ಟದಿಂದ ಬಂದ ಮೇಲೆ ವ್ಯಾನಿಗೆ ಹೇಳಿ ಕಳಿಸಿದರು. ವ್ಯಾನು ಬರುವವರೆಗೆ ಕಾಲೊನಿಯವರೆಲ್ಲ ಆ ಮನೆಯ ಮುಂದೆ ಸೇರಿದರು. ಗಂಡಸರು ರಸ್ತೆಯಲ್ಲಿ, ಹೆಂಗಸರು ಕಾಂಪೌಂಡಿನ ಒಳಗೆ. ಅಪ್ಪ ಕಚೇರಿಯಿಂದ ನೇರವಾಗಿ ಬಂದರು. ಮಗನ ಕೈ ಹಿಡಿದುಕೊಂಡರು. ಅವರ ಮುಖದಲ್ಲಿ ದುಃಖ ಇತ್ತು, ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಆ ದುಃಖದ ಬಾಯಿಂದ ಬಂದ ಮಾತು ಇದು.

"ವಯಸ್ಸಾಗಿತ್ತು. ಆಪರೇಷನ್ ಬೇರೆ ಆಗಿತ್ತು ಪಾಪ. ನಮ್ಮ ಕೈಲೇನಿದೆ."

ಮಗ ತಲೆಯಾಡಿಸಿದರು. ಗುಂಪಿನಲ್ಲಿ ಇನ್ನೂ ಒಂದಿಬ್ಬರು ಹೌದು, ವಯಸ್ಸಾಗಿತ್ತು ಎಂದರು. ಅಮ್ಮ ಕಾಂಪೌಂಡಿನ ಒಳಗೆ ಆಂಟಿಯ ಭುಜ ಹಿಡಿದು ನಿಂತಿದ್ದಳು. ಮಧ್ಯಾಹ್ನ ಒದ್ದೆಯಾದ ಸೀರೆಯನ್ನು ಅವಳು ಇನ್ನೂ ಬದಲಾಯಿಸಿರಲಿಲ್ಲ. ದನಿ ಏರಿಸದೆ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವ ಹಾಗೆ ಹೇಳಿದಳು.

"ವಯಸ್ಸು ಅಲೀಪುರದಲ್ಲೂ ಆಗಿತ್ತು ಕಣ್ರೀ. ಅಲ್ಲಿ ಬದುಕಿದ್ರು. ನೀವು ಕಟ್ಟಿಸಿದ ಮನೆಗೆ ಬಂದು ಸತ್ರು."

ಅಪ್ಪ ಮಗನ ಕೈ ಬಿಟ್ಟರು. ಗಂಡನಿಗೆ ನಾಲ್ಕು ಜನರ ಮುಂದೆ ಹೀಗೆ ಹೇಳುವ ಹೆಂಗಸು ಎಂದು ಆಮೇಲೆ ಕಾಲೊನಿಯ ಹೆಂಗಸರು ಬಹಳ ದಿನ ಮಾತಾಡಿಕೊಂಡರು. ಸತ್ತವರ ಬಗ್ಗೆ ಅಷ್ಟು ಮಾತಾಡಲಿಲ್ಲ. ಹೇಗೆ ಹೇಳಿದಳು ಎನ್ನುವುದೇ ಅವರಿಗೆ ದೊಡ್ಡದಾಯಿತು. ಏನು ಹೇಳಿದಳು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಅಮ್ಮ ನಗರಗೆರೆಗೆ ಹೇಳಿ ಕಳಿಸಿದಳು. ವಾರದೊಳಗೆ ನನ್ನ ಸೋದರಮಾವ ಟ್ರ್ಯಾಕ್ಟರಿನಲ್ಲಿ ಸರ್ವೆ ಕಂಬಗಳನ್ನೂ ಹೆಣೆದ ತೆಂಗಿನ ಗರಿಗಳನ್ನೂ ಹೇರಿಕೊಂಡು ಇಬ್ಬರು ಆಳುಗಳ ಜೊತೆ ಬಂದಿಳಿದರು. ನಮ್ಮ ತಾರಸಿಯ ಮೇಲೂ ಆಂಟಿಯ ತಾರಸಿಯ ಮೇಲೂ ಚಪ್ಪರ ಎದ್ದಿತು. ಅಪ್ಪ ಮಧ್ಯಾಹ್ನ ಊಟಕ್ಕೆಂದು ಬಂದಾಗ ಅಮ್ಮ ಮೇಲೆ ನಿಂತು ಗರಿಗಳನ್ನು ಎತ್ತಿ ಕೊಡುತ್ತಿದ್ದಳು.

"ಇಳಿಸಿಬಿಡೇ ಅದನ್ನ," ಅಂದರು ಅಪ್ಪ, ಕೆಳಗಿನಿಂದ.

"ಇಳಿಸಲ್ಲ."

"ನಾನೇ ಕಟ್ಟಿಸಿದ ಮನೆ ಮೇಲೆ ನಾನೇ ಗುಡಿಸಲು ಹಾಕಿಸ್ಕೊಂಡಿದೀನಿ ಅಂದ್ರೆ ಆಫೀಸ್‌ನಲ್ಲಿ ನನ್ನ ಮಾನ ಏನಾಗುತ್ತೆ?"

"ಪಕ್ಕದ ಮನೇಲಿ ಜೀವ ಹೋಯ್ತು. ನಿಮ್ದು ಬರೀ ಮಾನ ತಾನೆ. ಹೋದ್ರೆ ಹೋಗಲಿ ಬಿಡಿ."

ಸೋದರಮಾವ ಗರಿ ಕಟ್ಟುವುದನ್ನು ನಿಲ್ಲಿಸಿ ಆಕಾಶ ನೋಡುತ್ತಾ ನಿಂತರು. ಅಪ್ಪ ಊಟ ಮಾಡದೆ ಕಚೇರಿಗೆ ಹೋದರು. ಚಪ್ಪರವನ್ನು ಅವರು ಕೀಳಿಸಲೂ ಇಲ್ಲ, ಅದು ಎದ್ದ ಮೇಲೆ ಒಮ್ಮೆಯೂ ತಾರಸಿ ಹತ್ತಲೂ ಇಲ್ಲ. ಮನೆ ಅದರಿಂದ ಸ್ವರ್ಗವಾಗಲಿಲ್ಲ. ಆದರೆ ನಡುವಿನ ಕೋಣೆಯಲ್ಲಿ ಮಧ್ಯಾಹ್ನ ಒಂದಿಷ್ಟು ಹೊತ್ತು ಮಲಗುವ ಹಾಗಾಯಿತು.

ಕಾಲೊನಿ ಮೊದಲು ಗೇಲಿ ಮಾಡಿತು. ಎಂಜಿನಿಯರ್ ಮನೆಯಲ್ಲಿ ಯಾರ ಮದುವೆ ಎಂದು ಬ್ಯಾಂಕಿನ ಮ್ಯಾನೇಜರರು ಕೇಳಿದರು. ಅವರು ಬೆಂಗಳೂರಿನಿಂದ ಕೂಲರ್ ಎಂಬ ಒಂದು ತಗಡಿನ ಪೆಟ್ಟಿಗೆ ತರಿಸಿದ್ದರು. ಅದಕ್ಕೆ ದಿನಾ ನೀರು ತುಂಬಬೇಕು. ಕುಡಿಯುವುದಕ್ಕೇ ಟ್ಯಾಂಕರು ಕಾಯುವ ಊರಿನಲ್ಲಿ ಅವರ ಹೆಂಡತಿ ಬಿಂದಿಗೆ ಹೊತ್ತು ತಂದು ಆ ಪೆಟ್ಟಿಗೆಗೆ ಕುಡಿಸುತ್ತಿದ್ದರು. ಮುಂದಿನ ಬೇಸಿಗೆ ಬರುವ ಹೊತ್ತಿಗೆ ನಕ್ಕವರ ತಾರಸಿಗಳ ಮೇಲೂ ಗರಿ ಬಂತು, ಕೆಲವರು ಸುಣ್ಣ ಬಳಿಸಿದರು, ಕೆಲವರು ಗೋಣಿಚೀಲ ಹಾಸಿದರು. ಅಮ್ಮನನ್ನು ಕೇಳಿ ಮಾಡಿದೆವು ಎಂದು ಒಬ್ಬರೂ ಹೇಳಲಿಲ್ಲ. ಎಲ್ಲರಿಗೂ ತಂತಮ್ಮ ತಲೆಗೇ ಹೊಳೆದದ್ದು. ಕಾಲೊನಿ ಎಂದರೆ ಹಾಗೆಯೇ. ನೆರಳೂ ಬೇಕು, ನೆರಳಿನ ಋಣ ಬೇಡ.

ಆಂಟಿಯ ಮನೆಯವರು ಎರಡು ವರ್ಷದ ಮೇಲೆ ಶಿಡ್ಲಘಟ್ಟಕ್ಕೇ ಮನೆ ಬದಲಾಯಿಸಿದರು. ಹೋಗುವಾಗ ಅಮ್ಮನೂ ಅವರೂ ಅತ್ತರು. ನಾನು ಓದು ಮುಗಿಸಿ, ಕೆಲಸ, ಮದುವೆ ಎಂದು ಬೇರೆ ಊರು ಸೇರಿದೆ. ತೊಂಬತ್ತರ ದಶಕದ ನಡುವೆ ಅಪ್ಪ ನಿವೃತ್ತರಾದರು. ಬಂದ ದುಡ್ಡಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಒಂದು ಸೈಟು ಕೊಂಡು ಹೊಸ ಮನೆ ಕಟ್ಟಿಸಲು ಹೊರಟರು. ಈ ಸಲ ಮೇಲಿನಿಂದ ಗೆರೆ ಎಳೆದುಕೊಡುವವರು ಯಾರೂ ಇರಲಿಲ್ಲ. ಒಂದು ವರ್ಷ ಅವರು ಮೇಸ್ತ್ರಿಯ ಬೆನ್ನು ಬಿಡದೆ, ಸೈಟಿನಲ್ಲೇ ಬುತ್ತಿ ತಿಂದು ಕಟ್ಟಿಸಿದರು.

ಗೃಹಪ್ರವೇಶವನ್ನು ವೈಶಾಖದಲ್ಲಿ ಇಟ್ಟರು, ಬೇಕೆಂದೇ. ಮಧ್ಯಾಹ್ನದ ಬಿಸಿಲಲ್ಲಿ ಬೆವರು ಒರೆಸಿಕೊಂಡು ಬಂದ ನೆಂಟರು ಒಳಗೆ ಕಾಲಿಟ್ಟ ಕೂಡಲೇ, ಅಬ್ಬಾ, ಏನು ತಂಪು ಎಂದರು. ಬಾಗಿಲು ಪೂರ್ವಕ್ಕೆ. ಪಶ್ಚಿಮದ ಗೋಡೆಗೆ ಕಿಟಕಿಯೇ ಇಲ್ಲ, ಅದೂ ಎರಡು ಪದರದ ಗೋಡೆ, ನಡುವೆ ಗಾಳಿಗೆ ಜಾಗ. ತಾರಸಿಯ ಮೇಲೆ ಇಟ್ಟಿಗೆಚೂರಿನ ಗಾರೆ, ಅದರ ಮೇಲೆ ಬಿಳಿ ಹೆಂಚು. ಮಳೆಯೂ ಬಿಸಿಲೂ ತಾಗದಷ್ಟು ಉದ್ದ ಸಜ್ಜಾಗಳು. ಸುತ್ತ ಬೇವು, ಹೊಂಗೆ ಸಸಿಗಳು ಆಗಲೇ ಆಳೆತ್ತರ. ಅಪ್ಪ ನೆಂಟರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು, ಗೋಡೆ ಮುಟ್ಟಿಸಿ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೈಬೀಸಿ ತೋರಿಸಿದರು. ಅಷ್ಟು ಸಂತೋಷವಾಗಿ ನಾನು ಅವರನ್ನು ಎಂದೂ ನೋಡಿರಲಿಲ್ಲ.

ನೆಂಟರು ಹೋದ ಮೇಲೆ ಅಮ್ಮ ಒಬ್ಬಳೇ ಮನೆಯನ್ನೆಲ್ಲ ಸುತ್ತಿ ಬಂದಳು. ಪಶ್ಚಿಮದ ಗೋಡೆಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಂದು ಅಪ್ಪನ ಎದುರು ಕೂತಳು.

"ಚೆನ್ನಾಗಿದೆ ಮನೆ. ಇದೆಲ್ಲ ಯಾವಾಗ ಕಲಿತ್ರಿ ನೀವು?"

ಅಪ್ಪನಿಗೆ ಹೊಗಳಿಕೆ ಎನಿಸಿತು. ಹುರುಪಿನಿಂದಲೇ ಹೇಳಿದರು.

"ಇದರಲ್ಲಿ ಕಲಿಯೋದೇನಿದೆ? ಕಾಲೇಜಲ್ಲೇ ಓದಿದ್ದು. ಆವಾಗ್ಲಿಂದ ಗೊತ್ತು."

ಅಪ್ಪನಿಗೆ ತಾನು ಏನು ಹೇಳಿದೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಇಲಾಖೆ, ಎಸ್ಟಿಮೇಟು, ಮೇಲಿನವರು ಎಂದು ಏನೇನೋ ಹೇಳಿದರು. ಬೆಂಗಳೂರಿನಿಂದ ಬಂದ ನಕ್ಷೆ, ತನ್ನದೇನಿತ್ತು ಎಂದರು. ಒಂದು ಸಲ ಬರೆದು ಕಳಿಸಿದ್ದೆ, ವಾಪಸು ಬಂತು ಎಂದರು. ಅದೂ ನಿಜವಿರಬಹುದು. ಅಮ್ಮ ಕೇಳಿಸಿಕೊಂಡಳು. ಸಂಜೆ ಚೀಲಕ್ಕೆ ತನ್ನ ಎರಡು ಸೀರೆ ಹಾಕಿಕೊಂಡು, ನಾನು ಚಿಂತಾಮಣಿಗೆ ಹೋಗ್ತೀನಿ ಎಂದಳು. ಅಪ್ಪ, ಯಾಕೆ, ಇನ್ನು ಇಲ್ಲೇ ಇರೋದಲ್ವಾ ಎಂದು ಕೇಳಿದರು.

"ಗೊತ್ತಿಲ್ದೆ ಕಟ್ಟಿಸಿದ್ರಿ ಅಂದ್ಕೊಂಡಿದ್ದೆ ಇಷ್ಟು ವರ್ಷ," ಅಂದಳು ಅಮ್ಮ. "ಗೊತ್ತಿಲ್ದೆ ಮಾಡಿದ್ರೆ ಇಲ್ಲಿ ಬಂದು ಇರ್ತಿದ್ದೆ."

ಅವಳನ್ನು ಬಸ್ಸಿನಲ್ಲಿ ಕರೆದೊಯ್ದವಳು ನಾನೇ. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ, ಇಳಿದು ಆಂಟಿಯನ್ನು ನೋಡಿಕೊಂಡು ಹೋಗೋಣವಾ ಎಂದು ಕೇಳಿದೆ. ಇವತ್ತು ಬೇಡಮ್ಮ, ಏನು ಮುಖ ಇಟ್ಕೊಂಡು ಹೋಗಲಿ ಎಂದಳು. ಅವಳ ಮುಖದಲ್ಲಿ ಕೋಪವೇ ಇರಲಿಲ್ಲ. ಕೋಪ ಬರಬೇಕಾದರೆ ಎದುರಿನವರು ಲೆಕ್ಕಕ್ಕೆ ಬರಬೇಕು. ಅಪ್ಪ ಅವತ್ತು ಅವಳ ಲೆಕ್ಕದಿಂದ ಹೊರಗೆ ಹೋಗಿದ್ದರು.

ಅಪ್ಪ ಆ ತಂಪು ಮನೆಯಲ್ಲಿ ಒಬ್ಬರೇ ಸ್ವಲ್ಪ ದಿನ ಇದ್ದರು. ಹೋಟೆಲಿನ ಊಟ ತಿಂದರು. ನೆಂಟರನ್ನು ಕರೆದರು, ನೆಂಟರು ಒಂದೊಂದು ಸಲ ಬಂದು ಗೋಡೆ ಮುಟ್ಟಿ ಹೋದರು. ಎಷ್ಟು ಸಲ ಎಂದು ಮುಟ್ಟುತ್ತಾರೆ? ಕೊನೆಗೆ ಮನೆಯನ್ನು ಒಬ್ಬ ಡಾಕ್ಟರ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟು, ಒಂದು ಮಧ್ಯಾಹ್ನ ಚೀಲ ಹಿಡಿದು ಚಿಂತಾಮಣಿಗೆ ಬಂದರು. ನಾನು ಮಗುವನ್ನು ಕರೆದುಕೊಂಡು ಅಮ್ಮನ ಹತ್ತಿರ ಬಂದಿದ್ದೆ. ಬಾಗಿಲು ತಟ್ಟಿದ ಸದ್ದಿಗೆ ಅಮ್ಮ ಹೋಗಿ ತೆರೆದಳು. ಅಪ್ಪ ಚಪ್ಪಲಿ ಬಿಟ್ಟು, ಕಾದ ಮೆಟ್ಟಿಲ ಮೇಲೆ ಒಂದು ಕಾಲಾದ ಮೇಲೆ ಒಂದು ಕಾಲು ಎತ್ತುತ್ತಾ ನಿಂತಿದ್ದರು. ಏನಾದರೂ ಹೇಳುತ್ತಾಳೆ ಎಂದು ಕಾದರೋ ಏನೋ.

"ಚಪ್ಪಲಿ ಹಾಕ್ಕೊಂಡು ಹಿಂದಿಂದ ಬನ್ನಿ," ಅಂದಳು ಅಮ್ಮ. "ಈ ಕಡೆ ನೆಲ ಸುಡುತ್ತೆ."

ಅಪ್ಪ ಹಿಂದಿನಿಂದ ಬಂದರು. ಅಮ್ಮ ಊಟ ಬಡಿಸಿದಳು. ಆ ಮಾತನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ. ಅಪ್ಪ ಉಳಿದ ಬೇಸಿಗೆಗಳನ್ನೆಲ್ಲ ಆ ಮನೆಯಲ್ಲೇ ಕಳೆದರು, ಈಗ ಹೋಗಲು ಕಚೇರಿಯೂ ಇರಲಿಲ್ಲ. ಕಾಲ ಕಳೆದಂತೆ ನನಗೆ ಅವರ ಮೇಲೆ ಕನಿಕರ ಹುಟ್ಟಿತು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ನನಗೆ ಹುಟ್ಟಲಿಲ್ಲ. ಅಮ್ಮ ಮಾತ್ರ ಪ್ರತಿ ವರ್ಷ ಶಿವರಾತ್ರಿಗೆ ಮುಂಚೆ ಹೊಸ ಗರಿ ತರಿಸಿ ಕಟ್ಟಿಸುತ್ತಿದ್ದಳು. ಅಪ್ಪನ ಮಂಚ ಇದ್ದ ಕೋಣೆಯ ಮೇಲೆ ಒಂದು ಪದರ ಹೆಚ್ಚಾಗಿ ಹಾಕಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ, ಮನೆಯಲ್ಲಿ ಇನ್ನೊಂದು ಹೆಣ ಬೀಳೋದು ಬೇಡ ಎಂದಳು.